ಪಾಸ್‌ಪೋರ್ಟ್ ರಸೀದಿಯಲ್ಲಿ ನಮ್ಮದೂ ಒಂದು ಪಾಲು ಉಂಟು

ಗಲ್ಫ್‌ನಲ್ಲಿರುವ ನಮ್ಮವರು ಪಾಸ್‌ಪೋರ್ಟ್ ನವೀಕರಿಸಲು ಕಟ್ಟುವ ಹಣ ಎಲ್ಲಿಗೆ ಹೋಗುತ್ತದೆ? ಕೇಳಿದರೆ ಹೆಚ್ಚಿನವರು ‘ಎಂಬಸಿಗೆ’ ಅಂತ ಹೇಳಿ ಸುಮ್ಮನಾಗುತ್ತಾರೆ. ರಸೀದಿಯನ್ನು ಸರಿಯಾಗಿ ಓದಿದರೆ ಅದರಲ್ಲಿ ಮೂರು ಪಾಲು ಕಾಣುತ್ತದೆ.

ದೊಡ್ಡ ಪಾಲು ಪಾಸ್‌ಪೋರ್ಟ್ ಶುಲ್ಕ. ಅದು ಕೇಂದ್ರ ಸರಕಾರದ ಬೊಕ್ಕಸಕ್ಕೆ. ಇನ್ನೊಂದು, ಅರ್ಜಿ ಸ್ವೀಕರಿಸುವ ಖಾಸಗಿ ಕಂಪೆನಿಯ ಸೇವಾಶುಲ್ಕ. ಮೂರನೆಯದು ಚಿಕ್ಕ ಮೊತ್ತ. ಯುಎಇಯಲ್ಲಾದರೆ 8 ದಿರ್ಹಮ್. ಹೆಸರು ‘ಐಸಿಡಬ್ಲ್ಯುಎಫ್’, ಅಂದರೆ ಭಾರತೀಯ ಸಮುದಾಯ ಕಲ್ಯಾಣ ನಿಧಿ.

ಊರಿನಲ್ಲಿ ಮಾಡಿಸುವ ಪಾಸ್‌ಪೋರ್ಟಿನಲ್ಲೂ ಹಂಚಿಕೆ ಉಂಟು. 36 ಪುಟದ ಸಾಮಾನ್ಯ ಪಾಸ್‌ಪೋರ್ಟಿಗೆ ನಾವು ಕಟ್ಟುವ 1,500 ರೂಪಾಯಿ ಕೇಂದ್ರಕ್ಕೆ ಹೋಗುತ್ತದೆ. ಆದರೆ ಪರಿಶೀಲನೆ ಮಾಡುವುದು ರಾಜ್ಯದ ಪೊಲೀಸರು. ಅವರು 21 ದಿನದೊಳಗೆ ವರದಿ ಕೊಟ್ಟರೆ ಕೇಂದ್ರವು ಅರ್ಜಿಯೊಂದಕ್ಕೆ 150 ರೂಪಾಯಿ, ತಡವಾದರೆ 50 ರೂಪಾಯಿ ರಾಜ್ಯಕ್ಕೆ ಕೊಡುವ ವ್ಯವಸ್ಥೆ ಇದೆ. ಹಾಗಾಗಿ ಪರಿಶೀಲನೆಗೆಂದು ನಾವು ಬೇರೆ ಹಣ ಕೊಡಬೇಕಾಗಿಲ್ಲ.

ಈಗ ಆ 8 ದಿರ್ಹಮ್‌ನ ವಿಷಯ. ಕಲ್ಯಾಣ ನಿಧಿ ಶುರುವಾದದ್ದು 2009ರಲ್ಲಿ. 2017ರಲ್ಲಿ ಅದರ ನಿಯಮಗಳನ್ನು ವಿಸ್ತರಿಸಲಾಯಿತು. ಈ ಹಣವನ್ನು ಖರ್ಚು ಮಾಡುವ ಅಧಿಕಾರ ಆಯಾ ದೇಶದ ಭಾರತೀಯ ರಾಯಭಾರ ಕಚೇರಿಗಳಿಗೆ ಇದೆ. ಸಂಕಷ್ಟದಲ್ಲಿರುವವರ ಊಟ, ವಸತಿ, ತುರ್ತು ಚಿಕಿತ್ಸೆ, ಊರಿಗೆ ಮರಳಲು ವಿಮಾನ ಟಿಕೆಟ್, ಆರಂಭಿಕ ಕಾನೂನು ನೆರವು, ಸಣ್ಣಪುಟ್ಟ ದಂಡ ಇವಕ್ಕೆಲ್ಲ ಇದನ್ನು ಬಳಸಬಹುದು. ಮಯ್ಯಿತ್ ಊರಿಗೆ ತರುವ ಅಥವಾ ಅಲ್ಲಿಯೇ ದಫನ ಮಾಡುವ ಖರ್ಚೂ ಇದರಲ್ಲಿ ಸೇರಿದೆ.

ಆದರೆ ಇದು ಕೇಳಿದವರಿಗೆಲ್ಲ ಸಿಗುವ ಹಣವಲ್ಲ. ಮಯ್ಯಿತ್ ಕಳಿಸುವ ಜವಾಬ್ದಾರಿ ಸಾಮಾನ್ಯವಾಗಿ ಕಫೀಲನದ್ದು. ಅವನು ಕೈಬಿಟ್ಟಾಗ, ಮನೆಯವರಿಗೂ ಶಕ್ತಿ ಇಲ್ಲದಾಗ, ಪರಿಸ್ಥಿತಿ ನೋಡಿ ಕಚೇರಿ ತೀರ್ಮಾನಿಸುತ್ತದೆ.

ಎಷ್ಟೋ ಸಲ ಇಂಥ ಹೊತ್ತಿನಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಚಂದಾ ಎತ್ತುತ್ತೇವೆ. ಅದು ಒಳ್ಳೆಯ ಕೆಲಸವೇ. ಅದರ ಜೊತೆಗೆ ರಾಯಭಾರ ಕಚೇರಿಗೂ ಒಂದು ಅರ್ಜಿ ಹೋಗಲಿ. ವಿದೇಶಾಂಗ ಇಲಾಖೆಯ ‘ಮದದ್’ ಪೋರ್ಟಲ್‌ನಲ್ಲಿ ಊರಿನಿಂದಲೇ ದೂರು ದಾಖಲಿಸಬಹುದು. ಅದಕ್ಕಾಗಿ ಹೋದವರ ಪಾಸ್‌ಪೋರ್ಟ್ ಪ್ರತಿ, ವೀಸಾ ಪ್ರತಿ, ಕಂಪೆನಿಯ ಹೆಸರು, ಫೋನ್ ನಂಬರ್ ಮನೆಯಲ್ಲಿ ಇರಬೇಕು. ಇಲ್ಲದಿದ್ದರೆ ಇವತ್ತೇ ತರಿಸಿ ಇಟ್ಟುಕೊಳ್ಳಿ.