ಕುರಿಯ ಮಾಂಸ, ಕಣದ ಹೊಟ್ಟು

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆಹೊಲಗಳಲ್ಲಿ ಹಿಂಗಾರಿ ಕಡಲೆ ರಾಶಿಯಾದ ಮೇಲೆ ಕಣದಲ್ಲಿ ಕಾಳು ಮತ್ತು ಹೊಟ್ಟು ಬೇರೆ ಬೇರೆಯಾಗುತ್ತವೆ. ಕಾಳಿನ ಲೆಕ್ಕ ಮನೆಮಂದಿಗೆಲ್ಲ ಗೊತ್ತು. ಎಕರೆಗೆ ಎಷ್ಟು ಚೀಲ, ಪೇಟೆಯಲ್ಲಿ ಎಷ್ಟು ದರ, ಬೆಂಬಲ ಬೆಲೆಯ ಖರೀದಿ ಕೇಂದ್ರ ಎಂದು ತೆರೆಯುತ್ತದೆ, ಎಲ್ಲವೂ ಚರ್ಚೆಗೆ ಬರುತ್ತದೆ. ಹೊಟ್ಟಿನ ಲೆಕ್ಕ ಇಡುವವರು ಕಡಿಮೆ. ಆದರೆ ಇದೇ ಧಾರವಾಡ ಜಿಲ್ಲೆಯ ಜನ ಜಾತ್ರೆಗೆ, ಕರಿಗೆ, ಬಕ್ರೀದ್‌ಗೆ ತರುವ ಮಟನ್ ಮೆತ್ತಗಿದೆಯೋ ನಾರುನಾರಾಗಿದೆಯೋ, ಅದರ ಚರಬಿ ಹೇಗಿದೆ, ಒಂದು ಟಗರಿಗೆ ಎಷ್ಟು ಮಾಂಸ ಬಿದ್ದೀತು ಎಂಬುದೆಲ್ಲ ಬಹುಪಾಲು ತೀರ್ಮಾನವಾಗುವುದು ಆ ಹೊಟ್ಟಿನ ಬಣವೆಯ ಬಳಿಯಲ್ಲೇ. ಮರಿ ಮಾರಾಟಕ್ಕೆ ಹೋಗುವ ಮುಂಚಿನ ಎರಡು ಮೂರು ತಿಂಗಳು ಅದರ ಮುಂದೆ ಏನು ಬಿತ್ತು ಎಂಬುದೇ ಮಾಂಸದ ಗುಣವನ್ನು ನಿರ್ಧರಿಸುತ್ತದೆ ಎಂಬುದು ನನ್ನ ವಾದ. ತಳಿಯ ಬಗ್ಗೆ ನಾವು ಆಡುವ ಮಾತಿನಲ್ಲಿ ಅರ್ಧದಷ್ಟನ್ನಾದರೂ ಮೇವಿನ ಬಗ್ಗೆ ಆಡಬೇಕಿತ್ತು.

2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 1 ಕೋಟಿ 10 ಲಕ್ಷ ಕುರಿಗಳಿವೆ. ತೆಲಂಗಾಣ, ಆಂಧ್ರ ಬಿಟ್ಟರೆ ದೇಶದಲ್ಲಿ ಮೂರನೆಯ ಸ್ಥಾನ ನಮ್ಮದು. ಧಾರವಾಡದ ಬಯಲಿನಲ್ಲಿ ಹೆಚ್ಚಾಗಿ ಕಾಣುವುದು ಡೆಕ್ಕನಿ ಕುರಿ. ಕಂಬಳಿಗೆ ಉಣ್ಣೆ, ಹೊಲಕ್ಕೆ ಗೊಬ್ಬರ, ಆಮೇಲೆ ಮಾಂಸ ಎಂಬ ಕ್ರಮದಲ್ಲಿ ಕುರುಬರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಜೀವ ಇದು. ಈಗ ಉಣ್ಣೆಗೆ ಬೆಲೆಯಿಲ್ಲ, ಮಾಂಸ ಮೊದಲ ಸ್ಥಾನಕ್ಕೆ ಬಂದಿದೆ. ಆದರೆ ಕುರಿಯ ಊಟ ಮಾತ್ರ ಹಳೆಯ ಕ್ರಮದಲ್ಲೇ ಉಳಿದಿದೆ. ಮಳೆಗಾಲದಲ್ಲಿ ಬದುವಿನ ಹಸಿ ಹುಲ್ಲು, ಹೆಸರು ಬಿಡಿಸಿದ ಮೇಲೆ ಅದರ ಬಳ್ಳಿ, ಚಳಿಗಾಲದಲ್ಲಿ ಹತ್ತಿಯ ಎಲೆ, ಜೋಳ ಕೊಯ್ದ ಹೊಲದ ಕೂಳೆ. ಬೇಸಿಗೆ ಬಂತೆಂದರೆ ಒಣ ಕಡ್ಡಿ, ಜಾಲಿಕಾಯಿ, ಉದುರಿದ ಎಲೆ, ಅಷ್ಟೆ. ಕುರಿಯ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ನಾರನ್ನು ಒಡೆದು ಆಹಾರ ಮಾಡಿಕೊಡಬೇಕಾದರೆ ಮೇವಿನಲ್ಲಿ ನೂರಕ್ಕೆ 7ರಷ್ಟಾದರೂ ಪ್ರೋಟೀನ್ ಇರಬೇಕು. ಜೋಳದ ಕಣಕಿಯಲ್ಲಿ ಇರುವುದು ಮೂರೋ ನಾಲ್ಕೋ. ಹಾಗಾಗಿ ಬೇಸಿಗೆಯ ಕುರಿ ಹೊಟ್ಟೆ ತುಂಬ ತಿಂದೂ ಉಪವಾಸವೇ ಇರುತ್ತದೆ. ತಿಂದದ್ದು ಜೀರ್ಣವಾಗದೆ ಒಳಗೇ ಕೂತಿರುತ್ತದೆ, ಹೊಸ ಮೇವಿಗೆ ಜಾಗವೂ ಸಿಗುವುದಿಲ್ಲ.

ಪ್ರಾಣಿಯ ದೇಹ ಬೆಳೆಯುವುದಕ್ಕೆ ಒಂದು ಸರದಿಯಿದೆ ಎಂದು ಕೇಂಬ್ರಿಜ್‌ನ ಜಾನ್ ಹ್ಯಾಮಂಡ್ 1932ರಲ್ಲಿ ಪ್ರಕಟಿಸಿದ ಕುರಿಮಾಂಸದ ಅಧ್ಯಯನದಲ್ಲಿ ವಿವರವಾಗಿ ತೋರಿಸಿದ. ಮೊದಲು ಎಲುಬು, ನಂತರ ಮಾಂಸಖಂಡ, ಕೊನೆಗೆ ಕೊಬ್ಬು. ಊಟ ಕಡಿಮೆಯಾದಾಗ ಏಟು ಬೀಳುವುದು ಈ ಸರದಿಯ ಹಿಂದುಮುಂದಾಗಿ: ಮೊದಲು ಕೊಬ್ಬು ಹೋಗುತ್ತದೆ, ಆಮೇಲೆ ಮಾಂಸಖಂಡ ಕರಗುತ್ತದೆ, ಎಲುಬು ಮಾತ್ರ ಹೇಗೋ ಬೆಳೆಯುತ್ತದೆ. ಬರಗಾಲದ ಮರಿ ಕಾಲುದ್ದವಾಗಿ, ಬೆನ್ನು ಬತ್ತಿ ಕಾಣುವುದು ಇದಕ್ಕೇ. ಅಂಗಡಿಯಲ್ಲಿ ಅಂಥ ಕುರಿಯ ಒಂದು ಕೆ.ಜಿ. ಮಾಂಸ ಕೊಂಡವರಿಗೆ ಎಲುಬಿನ ಪಾಲು ಜಾಸ್ತಿ ಬರುತ್ತದೆ. ಸಾಮಾನ್ಯವಾಗಿ ನಮ್ಮ ದೇಸಿ ಕುರಿಗಳಲ್ಲಿ ಜೀವಂತ ತೂಕದ ನೂರಕ್ಕೆ 40ರಿಂದ 50ರಷ್ಟು ಮಾಂಸ, ಎಲುಬು ಸಮೇತ, ಸಿಗುತ್ತದೆ. ಬರೀ ಮೇಯಿಸಿದ ಕುರಿ ಈ ಅಳತೆಯ ಕೆಳತುದಿಯಲ್ಲಿದ್ದರೆ, ಮೇಯ್ದು ಬಂದ ಮೇಲೆ ಹೊಟ್ಟು, ಹಿಂಡಿ ತಿಂದ ಮರಿ ಮೇಲ್ತುದಿಯ ಹತ್ತಿರ ಬರುತ್ತದೆ. ಲೆಕ್ಕ ಹಾಕಿ ನೋಡಿ: 20 ಕೆ.ಜಿ. ಮರಿಗೆ ನೂರಕ್ಕೆ 42ರಂತೆ 8.4 ಕೆ.ಜಿ. ಮಾಂಸ. ಅದೇ ಮರಿ 28 ಕೆ.ಜಿ.ಗೆ ಬಂದು ನೂರಕ್ಕೆ 48ರಂತೆ ಕೊಟ್ಟರೆ 13.4 ಕೆ.ಜಿ. ತೂಕ ಹೆಚ್ಚಿದ್ದು ನೂರಕ್ಕೆ 40, ಮಾಂಸ ಹೆಚ್ಚಿದ್ದು ನೂರಕ್ಕೆ 60. ಸಾಕಿದವರ ಲಾಭ ಅಡಗಿರುವುದು ಈ ಎರಡರ ನಡುವಿನ ಅಂತರದಲ್ಲಿ.

ಇಲ್ಲೊಂದು ಎಚ್ಚರ ಬೇಕು. ಈ ಅಂತರದಲ್ಲಿ ಒಂದಿಷ್ಟು ಪಾಲು ಹೊಟ್ಟೆಯೊಳಗಿನ ಸರಕಿನದು. ಒಣ ಕಣಕಿ ತಿಂದ ಕುರಿಯ ಮೊದಲ ಹೊಟ್ಟೆಯಲ್ಲಿ ಅರ್ಧ ಜೀರ್ಣವಾದ ಮೇವು ಮತ್ತು ನೀರು ಕೆಲವೊಮ್ಮೆ ದೇಹತೂಕದ ಆರನೆಯ ಒಂದು ಪಾಲಿಗೂ ಮೀರುತ್ತದೆ. ಕಾಳು, ಹಿಂಡಿ ಬೇಗ ಕರಗುವುದರಿಂದ ಈ ಭಾರ ಇಳಿಯುತ್ತದೆ. ಅಂದರೆ ಪ್ರಮಾಣ ಹೆಚ್ಚಿದಂತೆ ಕಂಡರೂ ಅಷ್ಟೂ ಮಾಂಸ ಬೆಳೆದದ್ದಲ್ಲ. ರಾತ್ರಿಯೆಲ್ಲ ಮೇವು ತೆಗೆದು, ಬೆಳಿಗ್ಗೆ ತೂಗಿದರೆ ಮಾತ್ರ ಎರಡು ಕುರಿಗಳ ಹೋಲಿಕೆ ನ್ಯಾಯವಾದೀತು. ಸಂತೆಯಲ್ಲಿ ಹಾಗಾಗುವುದಿಲ್ಲ. ವ್ಯಾಪಾರಿ ಬೆನ್ನೆಲುಬಿನ ಇಕ್ಕೆಲ, ಬಾಲದ ಬುಡ ಹಿಡಿದು ನೋಡಿ ದರ ಹೇಳುತ್ತಾನೆ. ಅವನ ಕೈ ಅನುಭವಿ ಕೈ ಎಂಬುದರಲ್ಲಿ ಅನುಮಾನವಿಲ್ಲ, ಹ್ಯಾಮಂಡ್ ಅಳತೆಪಟ್ಟಿ ಹಿಡಿದು ಕಂಡದ್ದನ್ನು ಅದು ಬೆರಳಲ್ಲೇ ಕಾಣುತ್ತದೆ. ಆದರೆ ಆ ಜ್ಞಾನದ ಲಾಭ ಕೊಳ್ಳುವವನ ಕಡೆಗೆ ಮಾತ್ರ ಇದೆ, ಮಾರುವವನ ಹತ್ತಿರ ತಕ್ಕಡಿಯೇ ಇಲ್ಲ.

ಇಷ್ಟು ಹೇಳಿದರೆ ಮಟನ್ ಪ್ರಿಯರು ಒಂದು ತಕರಾರು ತೆಗೆಯುತ್ತಾರೆ: ಅಡ್ಡಾಡಿ ಮೇಯ್ದ ಕುರಿಯ ರುಚಿ ಕಟ್ಟಿ ಮೇಯಿಸಿದ್ದಕ್ಕೆ ಎಲ್ಲಿ ಬರುತ್ತದೆ? ಇದರಲ್ಲಿ ಸತ್ಯವಿದೆ, ಪೂರ್ತಿ ಸತ್ಯವಿಲ್ಲ. ಮೆತ್ತಗಿರುವುದನ್ನು ಮೊದಲು ನೋಡೋಣ. ವಯಸ್ಸು ಒಂದೇ ಆಗಿದ್ದರೆ ಮೇವಿನಿಂದ ಮಾಂಸದ ಮೃದುತ್ವ ಹೆಚ್ಚೇನೂ ಬದಲಾಗುವುದಿಲ್ಲ. ಮಾಂಸವನ್ನು ಗಟ್ಟಿ ಮಾಡುವುದು ಸ್ನಾಯುಗಳನ್ನು ಸುತ್ತಿರುವ ಕೊಲಾಜನ್ ಎಂಬ ನಾರು. ವಯಸ್ಸಾದಂತೆ ಅದರ ಎಳೆಗಳು ಒಂದಕ್ಕೊಂದು ಬೆಸೆದು, ಎಷ್ಟು ಬೇಯಿಸಿದರೂ ಕರಗದಂತಾಗುತ್ತವೆ. ಮೇವು ಇಲ್ಲದೆ ಎರಡು ಬೇಸಿಗೆ ದಾಟಿ ಮಾರುವ ತೂಕಕ್ಕೆ ಬಂದ ಟಗರು ಗಟ್ಟಿಯಾಗಿರುವುದು ಅದು ನಡೆದಾಡಿದ್ದಕ್ಕಿಂತ ಹೆಚ್ಚಾಗಿ ಅದಕ್ಕೆ ವಯಸ್ಸಾದದ್ದರಿಂದ. ಒಳ್ಳೆಯ ಮೇವು ಅದೇ ತೂಕವನ್ನು ಒಂದು ವರ್ಷದೊಳಗೆ ತಂದುಕೊಡುತ್ತದೆ. ಮೃದುತ್ವ ಬರುವುದು ಆ ದಾರಿಯಿಂದ. ರುಚಿ, ಬಣ್ಣಗಳ ವಿಷಯದಲ್ಲಿ ಮಾತ್ರ ಮೇಯ್ದ ಕುರಿಯ ಪರವಾಗಿ ಮಾತಾಡುವವರು ಸರಿ. ಹಸಿರೆಲೆಯಲ್ಲಿರುವ ವಿಟಮಿನ್ ಇ ಮಾಂಸದಲ್ಲಿ ಸೇರಿಕೊಂಡು ಅದರ ಕೆಂಪನ್ನು ಹೆಚ್ಚು ಹೊತ್ತು ಕಾಯುತ್ತದೆ, ಕೊಬ್ಬು ಬೇಗ ಕಮಟದಂತೆ ತಡೆಯುತ್ತದೆ. ಹಸಿ ಹುಲ್ಲಿನ ಒಮೆಗಾ-3 ಕೊಬ್ಬಿನಾಮ್ಲಗಳೂ ಅಷ್ಟೇ. ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಅವುಗಳಲ್ಲಿ ಹೆಚ್ಚಿನದನ್ನು ಗಟ್ಟಿ ಕೊಬ್ಬಾಗಿ ಮಾರ್ಪಡಿಸಿಬಿಟ್ಟರೂ, ತಪ್ಪಿಸಿಕೊಂಡ ಒಂದು ಪಾಲು ಮಾಂಸಕ್ಕೆ ಸೇರುತ್ತದೆ. ಅದು ಕಾಳು ತಿಂದ ಕುರಿಗಿಂತ ಹುಲ್ಲು ತಿಂದ ಕುರಿಯಲ್ಲಿ ಹೆಚ್ಚು. ಪ್ರಮಾಣ ಸಣ್ಣದೇ, ಒಮೆಗಾ-3 ಬೇಕೆಂದೇ ಹೊರಟವರಿಗೆ ನಮ್ಮ ಅಗಸಿ ಹಿಂಡಿ ಚಟ್ನಿ ಮಟನ್‌ಗಿಂತ ಎಷ್ಟೋ ಪಾಲು ಮೇಲು.

ಈ ಕಾರಣಕ್ಕಾಗಿಯೇ ಶೆಡ್ ಕಟ್ಟಿಸಿ, ಗೋವಿನಜೋಳದ ನುಚ್ಚನ್ನೇ ಸುರಿದು ಮೂರು ತಿಂಗಳಲ್ಲಿ ಟಗರು ತಯಾರು ಮಾಡುತ್ತೇವೆನ್ನುವ ಉತ್ಸಾಹವನ್ನು ನಾನು ಒಪ್ಪುವುದಿಲ್ಲ. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿರುವ ರೋವೆಟ್ ಸಂಶೋಧನಾ ಸಂಸ್ಥೆಯವರು 1970ರ ದಶಕದಲ್ಲಿ ಕುರಿಮರಿಗಳಿಗೆ ಹೇರಳವಾಗಿ ಬಾರ್ಲಿ ತಿನ್ನಿಸಿದಾಗ ಚರ್ಮದಡಿಯ ಕೊಬ್ಬು ಮೆತ್ತಗೆ, ಎಣ್ಣೆಯಂತೆ ಆಗಿತ್ತು. ಕಾಳು ಅತಿಯಾದಾಗ ಹೊಟ್ಟೆಯಲ್ಲಿ ಪ್ರೊಪಿಯಾನಿಕ್ ಆಮ್ಲ ಹೆಚ್ಚುತ್ತದೆ. ಯಕೃತ್ತು ಅದನ್ನು ಪೂರ್ತಿ ಬಳಸಲಾಗದೆ ಕವಲೊಡೆದ ಕೊಬ್ಬಿನಾಮ್ಲಗಳು ತಯಾರಾಗುತ್ತವೆ. ಟಗರಿನ ಮಾಂಸಕ್ಕೆ ಇರುವ ಘಾಟು ವಾಸನೆಯ ಮೂಲ ಇಂಥವೇ ಆಮ್ಲಗಳು. ವಾಸನೆ ತಪ್ಪಿಸಲು ಕಾಳು ಹಾಕುತ್ತೇವೆ ಎನ್ನುವವರು ಇದನ್ನು ಗಮನಿಸಬೇಕು. ಕೊಬ್ಬು ಮೆತ್ತಗಾಗುವ ವಿಷಯದಲ್ಲಿ ಹತ್ತಿಕಾಳಿನ ಕೆಲಸ ಇದಕ್ಕೆ ತದ್ವಿರುದ್ಧ. ಹತ್ತಿಕಾಳು ತಿಂದ ಎಮ್ಮೆಯ ತುಪ್ಪ ಗಟ್ಟಿಯಾಗಿ ಹರಳುಗಟ್ಟುವುದನ್ನು ಧಾರವಾಡದ ಹೈನುಗಾರರು ಬಲ್ಲರು. ಹತ್ತಿಕಾಳು ಕುರಿಯ ಕೊಬ್ಬನ್ನೂ ಹಾಗೆಯೇ ಗಟ್ಟಿ ಮಾಡುತ್ತದೆ. ಇನ್ನು ಕಾಳಿಗೆ ಒಮ್ಮೆಲೇ ಬದಲಾಯಿಸಿದರೆ ಹೊಟ್ಟೆ ಹುಳಿಯಾಗಿ ಕುರಿ ಸಾಯಬಹುದು, ಕರುಳುಬೇನೆಗೂ ಅದು ದಾರಿ. ಎರಡು ವಾರವಾದರೂ ತಗೊಂಡು ಸ್ವಲ್ಪಸ್ವಲ್ಪವೇ ಏರಿಸಬೇಕು. ಲಸಿಕೆ ಹಾಕಿಸಿರಲೇಬೇಕು.

ತಳಿಯೇ ಮುಖ್ಯ ಎನ್ನುವವರ ವಾದವನ್ನು ಬದಿಗೆ ಸರಿಸುವಂತಿಲ್ಲ. ಡೆಕ್ಕನಿಗೆ ದೇಹದ ಮಿತಿ ಇದೆ, ಬಾಗಲಕೋಟೆಯ ಯಳಗ ಎತ್ತರವಾಗಿ ಬೆಳೆಯುತ್ತದೆ, ರಾಯಚೂರು-ಕೊಪ್ಪಳದ ಕೆಂಗುರಿಯ ಮರಿ ಬೇಗ ತೂಕ ಹಿಡಿಯುತ್ತದೆ. ಮಹಾರಾಷ್ಟ್ರದ ಫಲಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ಬಂಗಾಳದ ಗರೋಲ್ ಕುರಿಯ ಅವಳಿ ಹೆರುವ ಗುಣವನ್ನು ಡೆಕ್ಕನಿಗೆ ತಂದು ಸುವರ್ಣ ಎಂಬ ತಳಿಯನ್ನೇ ಮಾಡಿದೆ. ಒಳ್ಳೆಯ ಕೆಲಸ. ಆದರೆ ಒಂದು ತಾಯಿಯ ಹಾಲನ್ನು ಎರಡು ಮರಿ ಹಂಚಿಕೊಳ್ಳುವಾಗ ಮೇವಿನ ಪ್ರಶ್ನೆ ಇಮ್ಮಡಿಯಾಗುತ್ತದಲ್ಲವೆ? ತಳಿ ಎಷ್ಟು ಬೆಳೆಯಬಹುದು ಎಂದು ಹೇಳುತ್ತದೆ, ಎಷ್ಟು ಬೆಳೆಯಿತು ಎಂಬುದು ಮೇವಿನ ಕೈಯಲ್ಲಿದೆ. ನಮ್ಮ ಡೆಕ್ಕನಿ ತನ್ನ ಮಿತಿಯ ಹತ್ತಿರಕ್ಕೇ ಇನ್ನೂ ಹೋಗಿಲ್ಲ. ನನ್ನ ವಾದಕ್ಕೂ ಒಂದು ಮಿತಿ ಇದೆ ಎಂದು ಇಲ್ಲಿಯೇ ಹೇಳಬೇಕು: ಸ್ನಾಯುವಿನ ಎಳೆಗಳ ಸಂಖ್ಯೆ ಮರಿ ಹುಟ್ಟುವ ಮುಂಚೆಯೇ ನಿಗದಿಯಾಗಿರುತ್ತದೆ. ಗಬ್ಬದ ಕುರಿಯನ್ನು ಉಪವಾಸ ಕೆಡವಿದರೆ ಆ ನಷ್ಟವನ್ನು ಕೊನೆಯ ತೊಂಬತ್ತು ದಿನ ತುಂಬಿಕೊಡಲಾರವು.

ಹಾಗಾದರೆ ಏನು ಹಾಕಬೇಕು? ಉತ್ತರ ಕಣದಲ್ಲೇ ಇದೆ. ಹೆಸರಿನ ಹೊಟ್ಟಿನಲ್ಲಿ, ಶೇಂಗಾ ಬಳ್ಳಿಯಲ್ಲಿ ಪ್ರೋಟೀನ್ ಕಣಕಿಯ ಎರಡು ಮೂರು ಪಟ್ಟು ಇದೆ. ಕಡಲೆ ಹೊಟ್ಟಿನಲ್ಲಿ ಅಷ್ಟಿಲ್ಲದಿದ್ದರೂ ಅದು ಕಣಕಿಗಿಂತ ಬೇಗ ಜೀರ್ಣವಾಗುತ್ತದೆ. ಹಗಲು ಮೇಯ್ದು ಬಂದ ಮರಿಗೆ ಸಂಜೆ ಇವನ್ನು ಹಾಕಿ, ಮೇಲೆ 200ರಿಂದ 300 ಗ್ರಾಂ ಹಿಂಡಿ, ನುಚ್ಚು, ಬೇಳೆ ಗಿರಣಿಯ ಸಿಪ್ಪೆ ಬೆರೆಸಿ ಕೊಟ್ಟರೆ ಹುಲ್ಲಿನ ಗುಣವೂ ಉಳಿಯುತ್ತದೆ, ಬೆಳವಣಿಗೆಯೂ ಬರುತ್ತದೆ. ಬೂಸ್ಟು ಹಿಡಿದ ಶೇಂಗಾ ಹಿಂಡಿ ಮಾತ್ರ ಬೇಡ, ಅದರ ಅಫ್ಲಟಾಕ್ಸಿನ್ ಯಕೃತ್ತನ್ನು ಕೆಡಿಸುತ್ತದೆ. ಮನುಷ್ಯರ ಅನ್ನವನ್ನು ಕುರಿಗೆ ಹಾಕುವುದೇ ಎಂಬ ಆಕ್ಷೇಪಕ್ಕೂ ಇದರಲ್ಲಿ ಉತ್ತರವಿದೆ: ಇವುಗಳಲ್ಲಿ ಹೆಚ್ಚಿನದು ನಮ್ಮ ತಟ್ಟೆಗೆ ಬರುವಂಥದ್ದಲ್ಲ. ಮಳೆ ಹೆಚ್ಚಿರುವ ಕಲಘಟಗಿಯಲ್ಲಿ ಲೆಕ್ಕ ಬೇರೆ. ಅಲ್ಲಿ ಭತ್ತದ ತೌಡು, ಗೋವಿನಜೋಳ, ಸೋಯಾ ಹೊಟ್ಟು ಸಿಗುತ್ತವೆ, ಕಾಡಂಚಿನ ಸೊಪ್ಪಿಗೆ ಆಡುಗಳು ಹೆಚ್ಚು ಒಗ್ಗುತ್ತವೆ. ಧಾರವಾಡದಲ್ಲಿಯೇ ಇರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಡಿಎಚ್‌ಎನ್-6ರಂಥ ನೇಪಿಯರ್ ಹುಲ್ಲನ್ನು ಕೊಟ್ಟಿದೆ. ನೀರಿದ್ದವರು ಅದರ ಜೊತೆ ಅಲಸಂದಿಯನ್ನೋ ಕುದುರೆ ಮೆಂತ್ಯವನ್ನೋ ಬೆಳೆದರೆ ಪ್ರೋಟೀನಿನ ಕೊರತೆ ತುಂಬುತ್ತದೆ.

ನನ್ನನ್ನು ಕಾಡುವುದು ಹೊಟ್ಟು ಕೈತಪ್ಪುತ್ತಿರುವ ರೀತಿ. ಯಂತ್ರದಿಂದ ಕಡಲೆ ಕೊಯ್ಯಿಸಿದರೆ ಹೊಟ್ಟು ಹೊಲದ ತುಂಬ ಚೆಲ್ಲಿ ಗಾಳಿಗೆ, ಮಣ್ಣಿಗೆ ಹೋಗುತ್ತದೆ. ಕೂಲಿ ಸಿಗದ ಕಾಲದಲ್ಲಿ ಯಂತ್ರ ಬೇಡವೆನ್ನಲು ನನಗೆ ಬಾಯಿಲ್ಲ, ಆದರೆ ಹೊಟ್ಟು ಹಿಡಿದಿಡುವ ವ್ಯವಸ್ಥೆಯೂ ಯಂತ್ರದ ಜೊತೆ ಬರಬೇಕು. ಅಣ್ಣಿಗೇರಿಯ ಹೆಸರನ್ನೇ ಹೊತ್ತ ಅಣ್ಣಿಗೇರಿ-1 ಕಡಲೆ ದೇಶದ ಹಲವೆಡೆ ಹೋಯಿತು. ಸೊರಗು ರೋಗ ತಡೆಯುವ ಸೂಪರ್ ಅಣ್ಣಿಗೇರಿಯೂ ಬಂತು. ತಳಿಯನ್ನು ಆರಿಸುವಾಗ ಕಾಳಿನ ಜೊತೆಗೆ ಹೊಟ್ಟಿನ ತೂಕ, ಅದು ಎಷ್ಟು ಚೆನ್ನಾಗಿ ಜೀರ್ಣವಾಗುತ್ತದೆ ಎಂಬುದನ್ನೂ ನೋಡಬೇಕು. ಹೈದರಾಬಾದಿನ ಮೇವಿನ ಪೇಟೆಯಲ್ಲಿ ಚೆನ್ನಾಗಿ ಜೀರ್ಣವಾಗುವ ಜೋಳದ ಕಣಕಿಗೆ ವ್ಯಾಪಾರಿಗಳು ಹೆಚ್ಚು ದರ ಕೊಡುವುದನ್ನು ಅಂತಾರಾಷ್ಟ್ರೀಯ ಸಂಶೋಧಕರು ದಾಖಲಿಸಿದ್ದಾರೆ. ಹೊಟ್ಟಿಗೂ ಗುಣವಿದೆ, ಗುಣಕ್ಕೆ ಬೆಲೆ ಇದೆ.

ಕೊನೆಯ ಆಕ್ಷೇಪ ಬೆಲೆಯದ್ದು, ಅದೇ ಎಲ್ಲಕ್ಕಿಂತ ಗಟ್ಟಿ: ಕಣ್ಣಳತೆಯಲ್ಲೇ ವ್ಯಾಪಾರ ಮುಗಿಯುವಾಗ ಕುರಿಗಾರ ಹಿಂಡಿಗೆ ಯಾಕೆ ಖರ್ಚು ಮಾಡಬೇಕು? ತಕ್ಕಡಿ ಇಲ್ಲದ ಸಂತೆಯಲ್ಲಿ ಒಳ್ಳೆಯ ಮೇವಿಗೆ ನ್ಯಾಯ ಸಿಗುವುದಿಲ್ಲ ಎಂಬುದು ನಿಜ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಸಂತೆಗಳಿಗೆ ಪಂಚಾಯಿತಿಗಳು, ಎಪಿಎಂಸಿಗಳು ಮೊದಲು ಕೊಡಬೇಕಾದ್ದು ಕುರಿ ತೂಗುವ ತಕ್ಕಡಿ. ತೂಕದಷ್ಟೇ ಸಾಗಾಟವೂ ಮುಖ್ಯ: ಕುರಿಯನ್ನು ವಾಹನದಲ್ಲಿ ಕಿಕ್ಕಿರಿಯುವಂತೆ ತುಂಬಿ, ದಿನವಿಡೀ ನೀರು ಮೇವಿಲ್ಲದೆ ಒಯ್ದರೆ ಸ್ನಾಯುವಿನ ಗ್ಲೈಕೋಜೆನ್ ಬರಿದಾಗಿ, ಕೊಯ್ದ ಮೇಲೆ ಮಾಂಸದ ಆಮ್ಲತೆ ಏರುವುದಿಲ್ಲ. ಅಂಥ ಮಾಂಸ ಕಪ್ಪಾಗಿ, ಬೇಗ ಕೆಡುವಂತಾಗುತ್ತದೆ. ಮೂರು ತಿಂಗಳ ಮೇವು ಒಂದು ದಿನದ ಪ್ರಯಾಣದಲ್ಲಿ ನೀರುಪಾಲಾಗುತ್ತದೆ. ಕೊಳ್ಳುವವರ ಪಾಲೂ ಇದರಲ್ಲಿದೆ. ಅಂಗಡಿಯಲ್ಲಿ ದರ ಕೇಳುವ ಜೊತೆಗೆ ಟಗರಿನ ವಯಸ್ಸೆಷ್ಟು, ಎಲ್ಲಿ ಮೇಯ್ದದ್ದು, ಏನು ತಿಂದದ್ದು ಎಂದೂ ಕೇಳಿ. ಹತ್ತು ಜನ ಕೇಳಿದರೆ ಅಂಗಡಿಯವರು ವ್ಯಾಪಾರಿಯನ್ನು ಕೇಳುತ್ತಾರೆ, ವ್ಯಾಪಾರಿ ಕುರಿಗಾರನನ್ನು ಕೇಳುತ್ತಾನೆ. ಈ ಹಿಂಗಾರಿಯಲ್ಲಿ ಕಡಲೆ ಕಣ ಮಾಡುವವರು ಹೊಟ್ಟನ್ನು ಮಳೆ ತಾಗದಂತೆ ಬಣವೆ ಹಾಕಿಡಿ.