ಉಪಾಹಾರ ಗೃಹದ ಅನುಭವ: ಲೆಕ್ಕಕ್ಕೆ ಬಾರದ ಬಂಡವಾಳ

ಬಾಗಲಕೋಟೆ ಜಿಲ್ಲೆಯ ವ್ಯಾಪಾರವೆಂದೊಡನೆ ಇಳಕಲ್ಲಿನ ಸೀರೆ ಮತ್ತು ಗ್ರಾನೈಟ್, ಬಾದಾಮಿಯ ಪ್ರವಾಸೋದ್ಯಮ, ಬಾಗಲಕೋಟೆಯ ಮಾರುಕಟ್ಟೆ ಪ್ರಾಂಗಣಗಳು ನೆನಪಿಗೆ ಬರುತ್ತವೆ. ಬಸ್ ನಿಲ್ದಾಣಗಳ ಎದುರಿನ ಉಪಾಹಾರ ಗೃಹಗಳನ್ನು ಉದ್ಯಮಗಳ ಯಾದಿಯಲ್ಲಿ ಸೇರಿಸುವವರು ವಿರಳ. ಹತ್ತು ನಿಮಿಷ ನಿಲ್ಲುವ ಬಸ್ಸಿನಿಂದ ಇಳಿದ ಪ್ರಯಾಣಿಕರಿಗೆ ಪೂರಿ, ಇಡ್ಲಿ, ಮಿರ್ಚಿ, ಚಹಾ ಒದಗಿಸಿ, ಹಣ ಪಡೆದು, ಬಸ್ ಹೊರಡುವ ಮುನ್ನವೇ ಬೀಳ್ಕೊಡುವ ಸಪ್ಲೈಯರ್ ಯುವಕನಿಗೆ ದೊರೆಯುವ ವ್ಯವಹಾರಜ್ಞಾನವು ವಾಣಿಜ್ಯ ಪದವಿಯ ತರಗತಿಗಳಲ್ಲಿ ಸುಲಭವಾಗಿ ದೊರೆಯುವಂತಹುದಲ್ಲ.

ಆರು ಮೇಜುಗಳ ಬೇಡಿಕೆಯನ್ನು ಚೀಟಿಯಿಲ್ಲದೆ ನೆನಪಿಡುವುದು, ಮೊದಲು ಬಂದವರಿಗೆ ಮೊದಲು ಬಡಿಸುವುದು, ಸಿಟ್ಟಾದ ಗಿರಾಕಿಯನ್ನು ಎರಡು ಮಾತಿನಲ್ಲಿ ಸಮಾಧಾನಪಡಿಸುವುದು ಇವೆಲ್ಲ ಮೇಲ್ನೋಟಕ್ಕೆ ಕಾಣುವ ಕೌಶಲ್ಯಗಳು. ಕಾಣದಿರುವ ಕೌಶಲ್ಯವೆಂದರೆ ಅಂದಾಜು. ನಾಳೆಗೆ ಎಷ್ಟು ಹಿಟ್ಟು ರುಬ್ಬಬೇಕೆಂಬುದನ್ನು ಇಂದು ಸಂಜೆಯೇ ತೀರ್ಮಾನಿಸಬೇಕಾಗುತ್ತದೆ. ಹೆಚ್ಚಾದರೆ ಹಿಟ್ಟು ಹುಳಿಯುತ್ತದೆ. ಕಡಿಮೆಯಾದರೆ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾನೆ. ಸಂತೆ, ಅಮಾವಾಸ್ಯೆ, ಲಗ್ನದ ಮುಹೂರ್ತ, ಮಳೆ, ಹುನಗುಂದದ ಮಾರ್ಗವಾಗಿ ಕೂಡಲಸಂಗಮಕ್ಕೆ ಹೋಗುವ ಯಾತ್ರಿಕರ ಸಂಖ್ಯೆ ಇವೆಲ್ಲವೂ ಆ ತೀರ್ಮಾನದಲ್ಲಿ ಸೇರಿರುತ್ತವೆ. ಆಲಮಟ್ಟಿ ಹಿನ್ನೀರಿನ ಕಾರಣ ಬಾಗಲಕೋಟೆಯ ಜನವಸತಿ ನವನಗರದತ್ತ ಸರಿದಾಗ, ಗಿರಾಕಿಗಳ ಸಂಚಾರದ ಬದಲಾವಣೆಯನ್ನು ಇಂತಹ ಅಂಗಡಿಕಾರರು ದಿನದ ಮಾರಾಟದಲ್ಲಿಯೇ ಓದಬೇಕಾಯಿತು.

ಬಾದಾಮಿ ಸಮೀಪದ ಬನಶಂಕರಿ ದೇವಾಲಯದ ಆವರಣದಲ್ಲಿ ಬುಟ್ಟಿಯಲ್ಲಿ ಜೋಳದ ರೊಟ್ಟಿ, ಚಟ್ನಿ, ಪಲ್ಯ, ಮೊಸರು ಹೊತ್ತು ತಂದು ಬಡಿಸುವ ಮಹಿಳೆಯರದೂ ಇದೇ ಶಾಸ್ತ್ರ. ಫಾಸ್ಟ್ ಫುಡ್ ಎಂಬ ಪದ ಈ ಭಾಗಕ್ಕೆ ಬರುವ ಮೊದಲೇ ಸಿದ್ಧ ಆಹಾರದ ಈ ವ್ಯಾಪಾರ ಇಲ್ಲಿತ್ತು. ಬನದ ಹುಣ್ಣಿಮೆಯ ಜಾತ್ರೆಗೂ ಸಾಮಾನ್ಯ ದಿನಕ್ಕೂ ಎಷ್ಟು ರೊಟ್ಟಿಯ ವ್ಯತ್ಯಾಸವೆಂಬುದು ಅವರಿಗೆ ಬಾಯಿಪಾಠ.

ವೆಚ್ಚದ ಅರಿವೂ ಅಡುಗೆಮನೆಯಲ್ಲಿಯೇ ಮೂಡುತ್ತದೆ. ಉದಾಹರಣೆಗೆ, ದಿನಕ್ಕೆ 400 ಪ್ಲೇಟು ಹೋಗುವಲ್ಲಿ ಪ್ರತಿ ಪ್ಲೇಟಿಗೆ 2 ರೂ. ಬೆಲೆಯ ಚಟ್ನಿ ಹೆಚ್ಚಾಗಿ ಬಿದ್ದರೆ ತಿಂಗಳಿಗೆ 24,000 ರೂ. ಸೋರಿಕೆಯಾಗುತ್ತದೆ, ಒಬ್ಬ ಕೆಲಸಗಾರನ ಸಂಬಳಕ್ಕೆ ಇದು ಹೆಚ್ಚು ದೂರವಿಲ್ಲ. ಸೌಟಿನ ಅಳತೆ ತಿಳಿದವನಿಗೆ ಲಾಭಾಂಶದ ಪಾಠವನ್ನು ಬೇರೆಯಾಗಿ ಹೇಳಬೇಕಿಲ್ಲ.

ಕ್ಲೀನರ್ ಆಗಿ ಸೇರಿ, ಸಪ್ಲೈಯರ್ ಆಗಿ, ಗಲ್ಲಾದ ಮೇಲೆ ಕುಳಿತು, ಕೊನೆಗೆ ಸ್ವಂತ ಹೋಟೆಲ್ ತೆರೆದವರ ಪರಂಪರೆ ಕರ್ನಾಟಕದಲ್ಲಿ ದೊಡ್ಡದು. ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ಸ್ಥಾಪಿಸಿದ ಕಡಂದಲೆ ಕೃಷ್ಣರಾಯರೂ ಅಡುಗೆಮನೆಯ ಕೆಲಸದಿಂದಲೇ ಮೇಲೆ ಬಂದವರು. ಆದರೆ ಈ ಪರಂಪರೆಗೆ ಇನ್ನೊಂದು ಮುಖವೂ ಇದೆ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದನ್ನು 2006ರ ಅಕ್ಟೋಬರ್ 10ರಿಂದ ನಿಷೇಧಿಸಲಾಗಿದೆ. ಕಲಿಕೆಯ ನೆಪದಲ್ಲಿ ಇದನ್ನು ಸಡಿಲಿಸುವ ಮಾತು ಸಲ್ಲದು.

ಇಷ್ಟೆಲ್ಲ ಕಲಿಸುವ ಉಪಾಹಾರ ಗೃಹ ಒಂದನ್ನು ಮಾತ್ರ ಕಲಿಸುವುದಿಲ್ಲ: ಬರೆದಿಡುವುದನ್ನು. ಅದರ ಬೆಲೆ ಎಷ್ಟೆಂಬುದು 2025ರ ಜುಲೈನಲ್ಲಿ ತಿಳಿಯಿತು. 2021-22ರಿಂದ 2024-25ರವರೆಗಿನ ಯುಪಿಐ ಜಮೆಗಳನ್ನು ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆಯು ರಾಜ್ಯದ ಅನೇಕ ಸಣ್ಣ ವ್ಯಾಪಾರಿಗಳಿಗೆ ನೋಟಿಸು ನೀಡಿತು. ಮಾರಾಟದ ಹಣ, ಕೈಗಡ, ಬಂಧುಗಳು ಕಳುಹಿಸಿದ ಹಣ ಎಲ್ಲವೂ ಒಂದೇ ಖಾತೆಗೆ ಬಿದ್ದಿದ್ದಲ್ಲಿ ಅದನ್ನು ಬಿಡಿಸಿ ತೋರಿಸುವುದು ಸುಲಭವಲ್ಲ. ಉಪಾಹಾರ ಗೃಹವು ಸೇವೆಯೆಂದು ಪರಿಗಣಿತವಾಗಿರುವುದರಿಂದ ಜಿಎಸ್‌ಟಿ ನೋಂದಣಿಯ ಮಿತಿ ವಾರ್ಷಿಕ 20 ಲಕ್ಷ ರೂ. ಅಂದರೆ ದಿನಕ್ಕೆ ಸುಮಾರು 5,500 ರೂ. ವಹಿವಾಟು ಮಾತ್ರ. ನಿಲ್ದಾಣದ ಎದುರಿನ ಅಂಗಡಿಗೆ ಇದು ದೊಡ್ಡ ಮೊತ್ತವೇನಲ್ಲ. 1.5 ಕೋಟಿ ರೂ.ವರೆಗಿನ ವಹಿವಾಟಿಗೆ ರಾಜಿ ತೆರಿಗೆ ಪದ್ಧತಿಯಲ್ಲಿ ಶೇ. 5 ತೆರಬಹುದಾದರೂ ಅದನ್ನು ಗಿರಾಕಿಯಿಂದ ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ. ದರಪಟ್ಟಿ ಬರೆಯುವಾಗಲೇ ಅದನ್ನು ಲೆಕ್ಕಕ್ಕೆ ಹಿಡಿಯಬೇಕು.

ಗಲ್ಲಾದ ಹೊಣೆ ಹೊತ್ತ ಯುವಕರಿಗೆ ಮಾಲೀಕರು ಇದನ್ನೂ ಕಲಿಸುವುದು ಉಚಿತ. ವ್ಯಾಪಾರಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ, ರಾತ್ರಿ ಬಾಗಿಲು ಹಾಕುವ ಮುನ್ನ ನಗದು ಮತ್ತು ಯುಪಿಐ ಮಾರಾಟದ ನಮೂದು, ಹಾಲು, ತರಕಾರಿ, ಗ್ಯಾಸ್ ಖರೀದಿಯ ಚೀಟಿಗಳ ಕಡತ, ಇಷ್ಟು ಆರಂಭಕ್ಕೆ ಸಾಕು. ಪ್ರಧಾನಮಂತ್ರಿ ಕೌಶಲ್ ವಿಕಾಸ ಯೋಜನೆಯಲ್ಲಿ ದುಡಿದು ಕಲಿತ ವಿದ್ಯೆಗೆ ಪ್ರಮಾಣಪತ್ರ ನೀಡುವ ವ್ಯವಸ್ಥೆಯನ್ನೂ ಕಲ್ಪಿಸಲಾಗಿದೆ. ಬ್ಯಾಂಕಿನ ಸಾಲಕ್ಕೆ ಅರ್ಜಿ ಹಾಕುವಾಗ ಆ ಪತ್ರದ ಜೊತೆಗೆ ಎರಡು ವರ್ಷಗಳ ದಿನವಹಿಯೂ ಇದ್ದರೆ ವ್ಯವಸ್ಥಾಪಕರು ಕೇಳುವ ಪ್ರಶ್ನೆಗಳು ಬಹಳ ಕಡಿಮೆಯಾಗುತ್ತವೆ.