ಅಜ್ಜಿಗೂ ಮೊಮ್ಮಗುವಿಗೂ ಒಂದೇ ಆಟ: 'ಗೋ'

ರಜ ಬಂತೆಂದರೆ ಮನೆ ತುಂಬ ಮಕ್ಕಳ ಗಲಾಟೆ ಅಂತೀರಿ. ಆದರೆ ಕೆಲವು ಮನೆಗಳಲ್ಲಿ ಗಲಾಟೆಯೇ ಇಲ್ಲ, ಅದೇ ಚಿಂತೆ! ಮಗು ಯಾರೊಡನೆಯೂ ಬೆರೆಯದು. ಅತ್ತೆಯವರು ಮೂಲೆಯಲ್ಲಿ ಸುಮ್ಮನೆ ಕೂತಿರುತ್ತಾರೆ. "ಮಾತಾಡಿ" ಅಂದರೆ ಮಾತು ಬಂದೀತೇ? ಎದುರುಬದುರು ಕೂರಲು ಒಂದು ನೆವ ಬೇಕು.

ಜಪಾನಿನಲ್ಲಿ ಅಂಥ ನೆವ ಒದಗಿಸಿದವರು ಯಸುದಾ ಯಸುತೋಶಿ. 'ಗೋ' ಆಟದಲ್ಲಿ ಅವರದು ಒಂಬತ್ತನೆಯ ದಾನ್, ಅಂದರೆ ವೃತ್ತಿ ಆಟಗಾರರ ಅತಿ ದೊಡ್ಡ ದರ್ಜೆ. ಶಾಲೆಗಳಲ್ಲಿ ಮಕ್ಕಳು ಮಕ್ಕಳನ್ನೇ ಪೀಡಿಸುವುದನ್ನು ಕೇಳಿ ನೊಂದ ಅವರು, 1990ರ ದಶಕದಲ್ಲಿ ಈ ಆಟವನ್ನು ಹಿಡಿದುಕೊಂಡು ಶಿಶುವಿಹಾರ, ಶಾಲೆ, ವೃದ್ಧಾಶ್ರಮಗಳಿಗೆ ಹೊರಟರು.

ಗೋ ಚೀನಾದಲ್ಲಿ ಹುಟ್ಟಿ ಎರಡು ಸಾವಿರ ವರ್ಷ ದಾಟಿದೆ. ದೊಡ್ಡ ಹಲಗೆಯಲ್ಲಿ ಉದ್ದಕ್ಕೆ 19, ಅಡ್ಡಕ್ಕೆ 19 ಗೆರೆ. ಗೆರೆಗಳು ಕೂಡುವ ಜಾಗ 361. ಹೊಸಬರಿಗೆ ನೋಡಿದರೇ ದಿಗಿಲು! ಅದಕ್ಕೇ ಯಸುದಾ ಚಿಕ್ಕ ಹಲಗೆ ಇಟ್ಟು, ಎದುರಾಳಿಯ ಕಾಯಿಯನ್ನು ಮೊದಲು ಹಿಡಿದವರೇ ಗೆದ್ದಂತೆ ಎಂದು ಸುಲಭ ಮಾಡಿದರು.

ನೀವೂ ಆಡಿ ನೋಡಿ. ರಟ್ಟಿನ ಮೇಲೆ ಉದ್ದಕ್ಕೆ 9, ಅಡ್ಡಕ್ಕೆ 9 ಗೆರೆ ಎಳೆಯಿರಿ. ಕಪ್ಪಿಗೆ 40 ಹುಣಸೆ ಬೀಜ, ಬಿಳುಪಿಗೆ 40 ಒಣ ಅವರೆಕಾಳು ಸಾಕು. (ಪುಟ್ಟ ಕೂಸುಗಳ ಕೈಗೆ ಸಿಗದಂತೆ ನೋಡಿಕೊಳ್ಳಿ.)

* ಮೊದಲ ಆಟ ಕಪ್ಪಿನದು. ಹುಲಿಕಟ್ಟಿನಂತೆ ಕಾಯಿಯನ್ನು ಗೆರೆ ಕೂಡುವ ಜಾಗದಲ್ಲೇ ಇಡಬೇಕು. ಒಮ್ಮೆ ಇಟ್ಟ ಮೇಲೆ ನಡೆಸುವಂತಿಲ್ಲ.

* ಕಾಯಿಯಿಂದ ಹೊರಟ ಗೆರೆಗಳಲ್ಲಿ ಪಕ್ಕದ ಖಾಲಿ ಜಾಗವೇ ಅದರ 'ಉಸಿರು'. ಚೀನೀಯರು ಇಟ್ಟ ಹೆಸರೂ ಅದೇ! ನಡುವೆ ಇದ್ದರೆ 4 ಉಸಿರು, ಅಂಚಿನಲ್ಲಿ 3, ಮೂಲೆಯಲ್ಲಿ 2.

* ಒಂದೇ ಬಣ್ಣದವು ಗೆರೆಯ ಮೇಲೆ ಪಕ್ಕಪಕ್ಕ ಕೂತರೆ ಉಸಿರನ್ನು ಹಂಚಿಕೊಳ್ಳುತ್ತವೆ. ಒಂಟಿ ಕಾಯಿಗಿಂತ ಜೋಡಿಯನ್ನು ಹಿಡಿಯುವುದು ಕಷ್ಟ.

* ಎಲ್ಲ ಉಸಿರನ್ನೂ ಎದುರಾಳಿ ಮುಚ್ಚಿದರೆ ಕಾಯಿ ಸಿಕ್ಕಿಬಿತ್ತು, ಆಟ ಮುಗಿಯಿತು.

"ಅಜ್ಜಿಗೆ ನಿಧಾನ, ಮಗು ಚುರುಕು, ಜೋಡಿ ಹೇಗೆ?" ಅಂತೀರಾ? ಗೋ ಆಟದ ಸೊಗಸೇ ಇದು. ಬಲ್ಲವರೂ ಕಲಿಯುವವರೂ ಸಮಸಮವಾಗಿ ಕೂರಲು, ಕಲಿಯುವವರಿಗೆ ಕಪ್ಪು ಕಾಯಿ ಕೊಟ್ಟು ಅವುಗಳಲ್ಲಿ ಕೆಲವನ್ನು ಮುಂಚೆಯೇ ಹಲಗೆಯ ಮೇಲೆ ಇಡಿಸುತ್ತಾರೆ. ದೊಡ್ಡ ಹಲಗೆಯಲ್ಲಿ ಸಾಮಾನ್ಯವಾಗಿ 2ರಿಂದ 9ರ ತನಕ. ಇದು ದಯೆಯಲ್ಲ, ಆಟದ ಕ್ರಮ. ಆದ್ದರಿಂದ ತೆಗೆದುಕೊಳ್ಳುವವರಿಗೂ ಸಂಕೋಚವಿಲ್ಲ. ಮನೆಯಲ್ಲಿ ಸೋತವರಿಗೆ ಮುಂದಿನ ಸಲ ಒಂದು ಕಾಯಿ ಹೆಚ್ಚು ಕೊಡಿ, ಗೆದ್ದರೆ ಒಂದು ಕಡಿಮೆ ಮಾಡಿ. ನಾಲ್ಕಾರು ಆಟದಲ್ಲಿ ಜೋಡಿ ತಾನೇ ಸರಿಹೋಗುತ್ತದೆ.

ಒಂದು ಕಿವಿಮಾತು: ಪಕ್ಕದಲ್ಲಿ ನಿಂತು "ಅಲ್ಲಿಡು, ಇಲ್ಲಿಡು" ಅನ್ನಬೇಡಿ. ಅವರಿಬ್ಬರನ್ನೇ ಬಿಟ್ಟುಬಿಡಿ. "ಅಜ್ಜೀ, ನಿನ್ನ ಕಾಯಿಗೆ ಉಸಿರಿಲ್ಲ!" ಎಂಬ ಕೂಗು ಅಡಿಗೆಮನೆಗೆ ಕೇಳಿಸಿದರೆ, ಮಾತು ಶುರುವಾಯಿತೆಂದು ತಿಳಿಯಿರಿ.